ಅಜ್ಜನ ಪೆನ್ಷನ್ ಕಾಗದ ಹಿಡಿದು ಮಿಲಿಟರಿ ದಾಖಲೆ ಹುಡುಕುವ ಕ್ರಮ

"ನಮ್ಮಜ್ಜ ಮಿಲಿಟ್ರಿಯಲ್ಲಿದ್ದರು, ಬರ್ಮಾಕ್ಕೆ ಹೋಗಿದ್ದರಂತೆ" ಎಂಬಷ್ಟು ಮಾತು ಎಷ್ಟೋ ಮನೆಗಳಲ್ಲಿ ಉಳಿದಿರುತ್ತದೆ. ಯಾವ ರೆಜಿಮೆಂಟು, ಯಾವ ವರ್ಷ ಎಂದು ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಹುಡುಕಲು ಹೊರಟವರು ಮೊದಲು ಅಜ್ಜನ ಹೆಸರನ್ನು ಗೂಗಲ್‌ಗೆ ಹಾಕುತ್ತಾರೆ, ಆಮೇಲೆ ದೆಹಲಿಯ ಸೇನಾ ಮುಖ್ಯ ಕಚೇರಿಗೆ ಕಾಗದ ಬರೆಯುತ್ತಾರೆ. ಎರಡರಿಂದಲೂ ಹೆಚ್ಚಿನದೇನೂ ಸಿಗದು. ಸೇನೆಯ ಕಡತದಲ್ಲಿ ಪುಟ್ಟಸ್ವಾಮಿಗಳು ನೂರಾರು ಜನ. ಬೇಕಾದವರನ್ನು ಹೆಕ್ಕಿ ತೆಗೆಯುವುದು ನಂಬರು ಮತ್ತು ರೆಜಿಮೆಂಟು. ಆ ಎರಡೂ ಒಟ್ಟಿಗೆ ಬರೆದಿರುವ ಕಾಗದ ಪೆನ್ಷನ್ನಿನದು, ಅದು ಬಹುಪಾಲು ಮನೆಯಲ್ಲೇ ಇರುತ್ತದೆ.

ಪೆನ್ಷನ್ ಬರುತ್ತಿತ್ತೇ?

ಬೇರೆ ಯಾವ ಕೆಲಸಕ್ಕೂ ಮುಂಚೆ ಇದೊಂದನ್ನು ಖಚಿತ ಮಾಡಿಕೊಳ್ಳಿ. ಪೆನ್ಷನ್ ಇಲ್ಲದೆ ಬಿಡುಗಡೆಯಾದ ಜವಾನನ ಸೇವಾ ಕಾಗದಗಳನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡಬಹುದು ಎಂಬುದು ಸೇನೆಯ ನಿಯಮ. ಪೆನ್ಷನ್‌ದಾರರ ಕಡತ ಅದಕ್ಕಿಂತ ಬಹುಕಾಲ ಉಳಿಯುತ್ತದೆ, ಏಕೆಂದರೆ ಅವರು ತೀರಿಕೊಂಡ ಮೇಲೂ ಹೆಂಡತಿಗೆ ಕುಟುಂಬ ಪಿಂಚಣಿ ಕೊಡಬೇಕಲ್ಲ. ಇವೆರಡರ ಆಚೆ, ಸೈನಿಕರ ಸೇವಾ ಕಡತಗಳನ್ನು ಇಡುವ ಪ್ರತಿ ರೆಕಾರ್ಡ್ ಆಫೀಸಿನಲ್ಲೂ ಲಾಂಗ್ ರೋಲ್ ಎಂಬ ರಿಜಿಸ್ಟರ್ ಇರುತ್ತದೆ. ಅದು ಕಾಯಂ ದಾಖಲೆ. ನಂಬರು, ಹೆಸರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಇಷ್ಟೇ ಅದರಲ್ಲಿ ಸಿಗುವುದು. ಆದರೆ ಉಳಿದದ್ದೆಲ್ಲ ಹೋದಾಗಲೂ ಅದು ಉಳಿದಿರುತ್ತದೆ.

ಜವಾನರಿಗೆ ಪೂರ್ಣ ಪೆನ್ಷನ್ ಸಿಗಲು 15 ವರ್ಷದ ಸೇವೆ ಬೇಕು. ಹಾಗಾಗಿ ಎರಡನೇ ಮಹಾಯುದ್ಧಕ್ಕೆಂದು 1940ರ ಆಸುಪಾಸಿನಲ್ಲಿ ಸೇರಿ 1946–47ರಲ್ಲಿ ಮನೆಗೆ ಬಂದವರಿಗೆ ಸಿಕ್ಕಿದ್ದು ಗ್ರಾಚ್ಯುಟಿ ಮಾತ್ರ, ಪೆನ್ಷನ್ ಅಲ್ಲ. ಇದಕ್ಕೆ ಎರಡು ಅಪವಾದಗಳಿವೆ. ಗಾಯವೋ ಕಾಯಿಲೆಯೋ ಆಗಿ ಹೊರಬಂದವರಿಗೆ ಸೇವೆ ಎಷ್ಟೇ ಕಡಿಮೆ ಇದ್ದರೂ ಅಂಗವಿಕಲ ಪಿಂಚಣಿ ಸಿಕ್ಕಿರಬಹುದು. ಇನ್ನೊಂದು, ರಿಸರ್ವಿಸ್ಟ್ ಪೆನ್ಷನ್: 7 ವರ್ಷ ಕಲರ್ ಸರ್ವಿಸ್ (ಸೇನೆಯಲ್ಲಿದ್ದೇ ಮಾಡುವ ಸೇವೆ) ಮುಗಿಸಿ ಮನೆಗೆ ಬಂದು, ಮುಂದಿನ 8 ವರ್ಷ ಕರೆದಾಗ ಹೋಗಬೇಕಾದ ರಿಸರ್ವ್ ಪಟ್ಟಿಯಲ್ಲಿದ್ದು, ಒಟ್ಟು 15 ಆದಾಗ ಪೆನ್ಷನ್ ಶುರುವಾದವರು. "ಅಜ್ಜ 1958ಕ್ಕೇ ಊರಿಗೆ ಬಂದು ಬೇಸಾಯ ಮಾಡುತ್ತಿದ್ದರು, ಕಾಗದದಲ್ಲಿ 1966 ಅಂತಿದೆ, ಇದು ಬೇರೆ ಯಾರದೋ" ಎಂದು ಸರಿಯಾದ ಕಾಗದವನ್ನೇ ಪಕ್ಕಕ್ಕಿಡುವವರಿದ್ದಾರೆ. ಎಂಟು ವರ್ಷದ ವ್ಯತ್ಯಾಸ ಕಂಡರೆ ಮೊದಲು ರಿಸರ್ವ್ ಅನ್ನು ನೆನೆಯಿರಿ.

ಟ್ರಂಕಿನಲ್ಲಿ ಏನೇನು ಹುಡುಕಬೇಕು

ಪೆನ್ಷನ್ ಪೇಮೆಂಟ್ ಆರ್ಡರ್, ಅಂದರೆ ಪಿಪಿಒ, ಮೊದಲನೆಯದು. ಹಳೆಯ ಕಾಲದ್ದಾದರೆ ಪೆನ್ಷನ್ ಸರ್ಟಿಫಿಕೇಟ್ ಮತ್ತು ಅದರ ಜೊತೆಗೆ ಡಿಸ್ಕ್ರಿಪ್ಟಿವ್ ರೋಲ್. ಈ ರೋಲ್ ತುಂಬ ಬೆಲೆಯ ಕಾಗದ. ಖಜಾನೆಯಲ್ಲೋ ಅಂಚೆ ಕಚೇರಿಯಲ್ಲೋ ಬೇರೆಯವರು ಬಂದು ಹಣ ಎತ್ತಿಕೊಂಡು ಹೋಗಬಾರದು ಎಂದು ತಂದೆಯ ಹೆಸರು, ಊರು, ತಾಲ್ಲೂಕು, ಎತ್ತರ, "ಎಡಗೆನ್ನೆಯ ಮೇಲೆ ಮಚ್ಚೆ" ಎಂಬಂಥ ಗುರುತು, ಹೆಬ್ಬೆಟ್ಟಿನ ಒತ್ತು ಎಲ್ಲವನ್ನೂ ಅದರಲ್ಲಿ ದಾಖಲಿಸುತ್ತಿದ್ದರು. ಫೋಟೋ ಇಲ್ಲದ ಅಜ್ಜನ ಎತ್ತರ ಎಷ್ಟಿತ್ತೆಂದು ಗೊತ್ತಾಗುವುದು ಇಲ್ಲೇ.

ಡಿಸ್ಚಾರ್ಜ್ ಬುಕ್ಕು, ಜಿಲ್ಲಾ ಸೈನಿಕ ಬೋರ್ಡಿನ ಗುರುತಿನ ಚೀಟಿ, ಪೆನ್ಷನ್ ಬರುತ್ತಿದ್ದ ಬ್ಯಾಂಕಿನ ಪಾಸ್‌ಬುಕ್ಕು, ಕ್ಯಾಂಟೀನ್ ಕಾರ್ಡು ಕೂಡ ನೋಡಿ. ಹೆಚ್ಚಿನವರು ಕಡೆಗಣಿಸುವುದು ಮನಿಯಾರ್ಡರ್ ಕೂಪನ್ನು ಮತ್ತು ಹಳೆಯ ಲಕೋಟೆಗಳನ್ನು. ಮನೆಗೆ ಕಳಿಸಿದ ಹಣದ ಕೂಪನ್ನಿನಲ್ಲಿ ಕಳಿಸಿದವರ ನಂಬರು, ಯೂನಿಟ್ ಇರುತ್ತದೆ. ಲಕೋಟೆಯ ಮೇಲೆ "56 ಎಪಿಒ" (ಎಪಿಒ ಎಂದರೆ ಸೇನಾ ಅಂಚೆ ಕಚೇರಿ) ಎಂದಿದ್ದರೆ ಉತ್ತರ, ಪಶ್ಚಿಮದ ಕಡೆ, "99 ಎಪಿಒ" ಎಂದಿದ್ದರೆ ಪೂರ್ವದ ಕಡೆ ಇದ್ದರು ಎಂದರ್ಥ.

ಮೆಡಲ್ ಇದ್ದರೆ ಅದರ ಅಂಚನ್ನು ನೋಡಿ. ಮೊದಲ ಮಹಾಯುದ್ಧದ ಬೆಳ್ಳಿ ಪದಕಗಳ ಅಂಚಿನಲ್ಲಿ ನಂಬರು, ದರ್ಜೆ, ಹೆಸರು, ದಳ ಕೆತ್ತಿರುತ್ತದೆ. ಎರಡನೇ ಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳಿಗೆ ಕೊಟ್ಟ ಪದಕಗಳು ಹೆಸರಿಲ್ಲದವು, ಆದರೆ ಭಾರತೀಯರಿಗೆ ಕೊಟ್ಟವುಗಳ ಮೇಲೆ ಸಾಮಾನ್ಯವಾಗಿ ಹೆಸರಿರುತ್ತದೆ: ದುಂಡು ಪದಕವಾದರೆ ಅಂಚಿನಲ್ಲಿ, ನಕ್ಷತ್ರವಾದರೆ ಹಿಂಬದಿಯಲ್ಲಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಅಂಚಿಗೆ ಓರೆಯಾಗಿ ಹಿಡಿದರೆ ಮಾಸಿದ ಅಂಕಿಗಳೂ ಎದ್ದು ಕಾಣುತ್ತವೆ.

ಪದಕ ಯಾವುದೆಂಬುದೂ ಮಾತಾಡುತ್ತದೆ. ವಾರ್ ಮೆಡಲ್ ಮತ್ತು ಇಂಡಿಯಾ ಸರ್ವಿಸ್ ಮೆಡಲ್ ಮಾತ್ರ ಇದ್ದರೆ ಅವರು ಯುದ್ಧಭೂಮಿಗೆ ಹೋಗದೆ ದೇಶದೊಳಗೇ ಮೂರು ವರ್ಷ ಸೇವೆ ಮಾಡಿರುವ ಸಂಭವ ಹೆಚ್ಚು. ಬರ್ಮಾ ಸ್ಟಾರ್ ಇದ್ದ ಮಾತ್ರಕ್ಕೆ ಬರ್ಮಾಕ್ಕೇ ಹೋಗಿದ್ದರು ಎನ್ನುವಂತಿಲ್ಲ. ನಿಗದಿತ ಅವಧಿಯಲ್ಲಿ ಅಸ್ಸಾಂ, ಬಂಗಾಳದಲ್ಲಿ ಇದ್ದವರಿಗೂ ಅದು ಸಿಕ್ಕಿದೆ.

ಸಿಕ್ಕ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಹಳೆಯ ಕಾಗದದ ಮೇಲಿನ ನೇರಳೆ ಬಣ್ಣದ ಪೆನ್ಸಿಲ್ ಬರಹಕ್ಕೆ ತೇವ ತಾಗಿದರೆ ಹರಡಿ ಹೋಗುತ್ತದೆ. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಎರಡೂ ಬದಿಯ ಫೋಟೋ ತೆಗೆಯಿರಿ. ಹಿಂಬದಿಯಲ್ಲೇ ಖಜಾನೆಯ ಮೊಹರು, ಬದಲಾದ ವಿಳಾಸ, ತಿದ್ದುಪಡಿ ಎಲ್ಲ ಇರುವುದು.

ಪಿಪಿಒ ಓದುವುದು

ಹಳೆಯ ಸೇನಾ ಪಿಪಿಒ ಸಂಖ್ಯೆ ಮೂರು ತುಂಡುಗಳಲ್ಲಿ ಇರುತ್ತದೆ: ಒಂದು ಅಕ್ಷರ, ಕ್ರಮಸಂಖ್ಯೆ, ವರ್ಷ. ಎಸ್ ಎಂದರೆ ಸೇವಾ ಪಿಂಚಣಿ, ಡಿ ಎಂದರೆ ಅಂಗವಿಕಲ ಪಿಂಚಣಿ, ಎಫ್ ಎಂದರೆ ಕುಟುಂಬ ಪಿಂಚಣಿ. ಕೊನೆಯಲ್ಲಿರುವುದು ಆದೇಶ ಹೊರಟ ವರ್ಷ, ನಿವೃತ್ತಿಯ ವರ್ಷಕ್ಕೆ ಹತ್ತಿರದ್ದು. ಆದರೆ "ಕಾರ್" (Corr) ಎಂಬ ಗುರುತು ಇದ್ದರೆ ಅದು ತಿದ್ದುಪಡಿ ಆದೇಶ. 1968ರಲ್ಲಿ ನಿವೃತ್ತರಾದವರಿಗೆ 1990ರ ಆಚೆಯ ವರ್ಷವಿರುವ ತಿದ್ದುಪಡಿ ಬಂದಿರಬಹುದು, ಅದನ್ನೇ ಮೂಲವೆಂದು ಹಿಡಿದರೆ ಲೆಕ್ಕ ತಪ್ಪುತ್ತದೆ. ತಿದ್ದುಪಡಿಯೊಳಗೆ ಮೂಲ ಪಿಪಿಒ ಸಂಖ್ಯೆಯನ್ನು ನಮೂದಿಸಿರುತ್ತಾರೆ, ಅದನ್ನು ಬರೆದುಕೊಳ್ಳಿ. ಅಕ್ಷರ ಡಿ ಇದ್ದರೆ ಖುಷಿಪಡಬಹುದು: ವೈದ್ಯಕೀಯ ಮಂಡಳಿಯ ವರದಿ ಕಡತದಲ್ಲಿರುತ್ತದೆ, ಗಾಯ ಎಲ್ಲಿ, ಯಾವಾಗ, ಹೇಗಾಯಿತು ಎಂಬುದು ಅದರಲ್ಲಿ ಬರುತ್ತದೆ. ಅಜ್ಜಿಯ ಹೆಸರು ಪಿಪಿಒದಲ್ಲಿ ಇಲ್ಲವೆಂದು ಗಾಬರಿಯಾಗಬೇಡಿ, ಹಳೆಯವುಗಳಲ್ಲಿ ಹೆಂಡತಿಯ ಹೆಸರು ಹಾಕುತ್ತಿರಲಿಲ್ಲ. ಇನ್ನೂ ಹಿಂದಿನ ಕಾಗದದಲ್ಲಿ ಲಾಹೋರ್ ಎಂದಿದ್ದರೆ ಅದೂ ಸರಿಯೇ. ಈಗ ಪ್ರಯಾಗರಾಜ್‌ನಲ್ಲಿರುವ ಸೇನಾ ಪೆನ್ಷನ್ ಲೆಕ್ಕದ ಕಚೇರಿ ವಿಭಜನೆಗೆ ಮುಂಚೆ ಅಲ್ಲಿತ್ತು.

ಇನ್ನು ಸೇನಾ ನಂಬರು. ಸ್ವಾತಂತ್ರ್ಯಪೂರ್ವದಲ್ಲಿ ಒಂದೊಂದು ರೆಜಿಮೆಂಟಿಗೂ ತನ್ನದೇ ನಂಬರಿನ ಸಾಲು ಇತ್ತು, ನಾಲ್ಕೈದು ಅಂಕಿಯವು. ಹೀಗಾಗಿ ಒಂದೇ ನಂಬರು ಬೇರೆ ಬೇರೆ ರೆಜಿಮೆಂಟುಗಳಲ್ಲಿ ಬೇರೆ ಬೇರೆಯವರಿಗೆ ಇರುತ್ತಿತ್ತು. ರೆಜಿಮೆಂಟು ಗೊತ್ತಿಲ್ಲದ ಹಳೆಯ ನಂಬರಿನಿಂದ ಪ್ರಯೋಜನವಿಲ್ಲ. ಆಮೇಲೆ ಏಳು ಅಂಕಿಯ ನಂಬರು ಬಂತು, ಅದರ ಮೊದಲ ಅಂಕಿಗಳೇ ರೆಜಿಮೆಂಟನ್ನು ಹೇಳುತ್ತವೆ. 25ರಿಂದ ಶುರುವಾದರೆ ಮದ್ರಾಸ್ ರೆಜಿಮೆಂಟ್, 27 ಆದರೆ ಮರಾಠಾ ಲೈಟ್ ಇನ್‌ಫೆಂಟ್ರಿ, 26 ಆದರೆ ಗ್ರೆನೇಡಿಯರ್ಸ್. ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಅವರ ನಂಬರು 2639885, ಅವರು 4 ಗ್ರೆನೇಡಿಯರ್ಸ್‌ನವರು. ಜೆಸಿ ಎಂದು ಮೊದಲಾದರೆ ಸುಬೇದಾರ್ ಸಾಲಿನವರು. ನಂಬರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಅಂಟಿಕೊಂಡಿದ್ದರೆ ಅದನ್ನೂ ಬಿಡದೆ ಬರೆಯಿರಿ.

ರೆಜಿಮೆಂಟಿನ ಹೆಸರು ಮಾಸಿಹೋಗಿದ್ದರೆ ದರ್ಜೆಯಿಂದ ಊಹಿಸಬಹುದು. ಸಿಪಾಯಿ ಎಂದರೆ ಕಾಲಾಳು ಪಡೆಯೂ ಆಗಬಹುದು, ಸರಬರಾಜು ದಳವೂ ಆಗಬಹುದು. ಸ್ಯಾಪರ್ ಎಂದಿದ್ದರೆ ಎಂಜಿನಿಯರ್ ದಳ. ನಮ್ಮ ಕಡೆಯವರಾದರೆ ಬಹುಮಟ್ಟಿಗೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ಗನ್ನರ್ ಎಂದರೆ ಫಿರಂಗಿ ದಳ. ಸವಾರ್, ದಫೇದಾರ್, ರಿಸಾಲ್ದಾರ್ ಎಂದರೆ ಕುದುರೆ ಪಡೆ ಅಥವಾ ಟ್ಯಾಂಕ್ ಪಡೆ. ಜಮಾದಾರ್ ಎಂದು ಕಂಡರೆ ಕಚೇರಿ ಜವಾನರೆಂದು ತಿಳಿಯಬೇಡಿ, ಇಂದಿನ ನಾಯಬ್ ಸುಬೇದಾರ್ ದರ್ಜೆಗೆ ಆಗ ಇದ್ದ ಹೆಸರು ಅದು.

ಯಾವ ಕಚೇರಿಗೆ ಬರೆಯಬೇಕು

ಇಲ್ಲೇ ಬಹಳ ಜನ ದಾರಿ ತಪ್ಪುವುದು. ಪ್ರಯಾಗರಾಜ್‌ನ ಪಿಸಿಡಿಎ ಪೆನ್ಷನ್ಸ್ ಕಚೇರಿಗೆ ಹಣದ ಲೆಕ್ಕ ಮಾತ್ರ ಗೊತ್ತು. ಪಿಪಿಒ ನಕಲು ಬೇಕಾದರೆ ಅಲ್ಲಿಗೆ ಬರೆಯಿರಿ. ಯಾವ ಯುದ್ಧ, ಯಾವ ಯೂನಿಟ್ ಎಂಬ ಸೇವಾ ವಿವರ ಇರುವುದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಕರ್ನಾಟಕದವರಿಗೆ ಹೆಚ್ಚಾಗಿ ಬೇಕಾಗುವವು ಇವು: ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಎಂಜಿನಿಯರ್ ಗ್ರೂಪ್, ಪಯೋನಿಯರ್ ಕೋರ್, ಮಿಲಿಟರಿ ಪೊಲೀಸ್, ಪ್ಯಾರಾಶೂಟ್ ರೆಜಿಮೆಂಟ್ ಮತ್ತು ಎಎಸ್‌ಸಿ (ಸರಬರಾಜು ದಳ) ದಕ್ಷಿಣಕ್ಕೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಫಿರಂಗಿ ದಳಕ್ಕೆ ನಾಶಿಕ್ ರೋಡ್ ಕ್ಯಾಂಪ್, ಸಿಗ್ನಲ್ಸ್‌ಗೆ ಜಬಲ್‌ಪುರ, ಇಎಂಇ (ಯಂತ್ರ, ವಾಹನಗಳ ದುರಸ್ತಿ ದಳ) ಮತ್ತು ಆರ್ಡ್‌ನೆನ್ಸ್ ಕೋರ್‌ಗೆ ಸಿಕಂದರಾಬಾದ್, ವೈದ್ಯಕೀಯ ದಳಕ್ಕೆ ಲಖನೌ. ವಾಯುಪಡೆಯವರದು ದೆಹಲಿಯ ಸುಬ್ರತೋ ಪಾರ್ಕ್, ನೌಕಾಪಡೆಯ ನಾವಿಕರದು ಮುಂಬೈ.

ಹೆಸರು ಬದಲಾದ ದಳಗಳ ಬಗ್ಗೆ ಎಚ್ಚರ ಬೇಕು. ಕಾಗದದಲ್ಲಿ "ಆರ್‌ಐಎಎಸ್‌ಸಿ" ಎಂದಿದ್ದರೆ ಅದು ಇಂದಿನ ಎಎಸ್‌ಸಿ. "ಕ್ಯುವಿಒ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್" ಎಂದರೆ ಇಂದಿನ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. ಎರಡನೇ ಯುದ್ಧದ ಕೊಡಗು ಬೆಟಾಲಿಯನ್ ಆಮೇಲೆ ಫಿರಂಗಿ ದಳದ ಟ್ಯಾಂಕ್ ನಿರೋಧಕ ರೆಜಿಮೆಂಟಾಯಿತು, ಆದ್ದರಿಂದ ಮಡಿಕೇರಿಯ ಕಡೆಯವರು ನಾಶಿಕ್ ರೋಡಿಗೂ ಒಂದು ಕಾಗದ ಹಾಕಬೇಕು. ಮದ್ರಾಸ್ ಕಾಲಾಳು ಬೆಟಾಲಿಯನ್ನುಗಳನ್ನು 1920ರ ದಶಕದಲ್ಲಿ ವಿಸರ್ಜಿಸಿ, ಯುದ್ಧ ಬಂದ ಮೇಲೆ 1941–42ರಲ್ಲಿ ಮತ್ತೆ ಕಟ್ಟಿದರು. 1930ರ ದಶಕದಲ್ಲೇ ಸೇರಿದ್ದರು ಎಂದು ಮನೆಯವರು ಹೇಳಿದರೆ ಮದ್ರಾಸ್ ರೆಜಿಮೆಂಟಿಗಿಂತ ಮೊದಲು ಸ್ಯಾಪರ್ಸ್ ಅನ್ನು ನೋಡಿ.

ಅಜ್ಜಿ ಇನ್ನೂ ಬದುಕಿದ್ದು ಕುಟುಂಬ ಪಿಂಚಣಿ ಪಡೆಯುತ್ತಿದ್ದರೆ ಅರ್ಧ ಕೆಲಸ ಆದಂತೆ. ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನ ಅವರ ಖಾತೆಯಲ್ಲಿ ನಂಬರು, ದರ್ಜೆ, ರೆಕಾರ್ಡ್ ಆಫೀಸು ಎಲ್ಲ ಇರುತ್ತದೆ. ಬ್ಯಾಂಕಿನಲ್ಲಿ ಕೂಡ ಪಿಪಿಒದ ಇನ್ನೊಂದು ಪ್ರತಿ ಇದ್ದಿರಬಹುದು. ಮ್ಯಾನೇಜರ್ ಬದಲು ಪೆನ್ಷನ್ ಕೌಂಟರಿನ ಗುಮಾಸ್ತರನ್ನೇ ಕೇಳಿ.

ಕಾಗದ ಬರೆಯುವ ರೀತಿ

ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಒಂದೇ ಪುಟದಲ್ಲಿ, ಆಫೀಸರ್ ಇನ್‌ಚಾರ್ಜ್ ರೆಕಾರ್ಡ್ಸ್ ಅವರಿಗೆ ಬರೆಯಿರಿ. ವಿಷಯದ ಸಾಲಿನಲ್ಲೇ ನಂಬರು, ದರ್ಜೆ, ಹೆಸರು ಇರಲಿ. ಗುಮಾಸ್ತರು ಕಡತ ತೆಗೆಯುವುದು ಆ ಸಾಲನ್ನು ನೋಡಿ. ಅದರ ಕೆಳಗೆ ತಂದೆಯ ಹೆಸರು, ಆಗಿನ ಊರು–ತಾಲ್ಲೂಕು–ಜಿಲ್ಲೆ, ಸೇರಿದ ಮತ್ತು ಬಿಟ್ಟ ವರ್ಷ ಅಂದಾಜಾದರೂ ಸರಿ, ಪಿಪಿಒ ಸಂಖ್ಯೆ.

"ಸೇವಾ ವಿವರ ಕಳಿಸಿ" ಎಂದಷ್ಟೇ ಕೇಳಿದರೆ ಎರಡು ಸಾಲಿನ ಉತ್ತರ ಬರುತ್ತದೆ. ಹೆಸರಿಟ್ಟು ಕೇಳಿ: ಶೀಟ್ ರೋಲ್ ನಕಲು, ಕಿಂಡ್ರೆಡ್ ರೋಲ್ ನಕಲು, ಲಾಂಗ್ ರೋಲ್‌ನ ಸಂಬಂಧಪಟ್ಟ ಸಾಲು, ಸೇವೆ ಸಲ್ಲಿಸಿದ ಯೂನಿಟ್‌ಗಳು ತಾರೀಖು ಸಮೇತ, ಅರ್ಹವಾದ ಪದಕಗಳ ಪಟ್ಟಿ. ಶೀಟ್ ರೋಲ್ ಎಂದರೆ ಭರ್ತಿಯಾದ ದಿನದಿಂದ ಬಿಡುಗಡೆಯವರೆಗೆ ಬಡ್ತಿ, ವರ್ಗ, ರಜೆ, ಶಿಕ್ಷೆ ಎಲ್ಲ ಬರೆದಿಟ್ಟ ಮೂಲ ಹಾಳೆ. ಕಿಂಡ್ರೆಡ್ ರೋಲ್‌ನಲ್ಲಿ ಮನೆಮಂದಿಯ ಹೆಸರುಗಳಿರುತ್ತವೆ. ವಂಶವೃಕ್ಷ ಬರೆಯುವವರಿಗೆ ಯುದ್ಧದ ವಿವರಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಜೊತೆಗಿಡಬೇಕಾದ್ದು ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ನಿಮ್ಮ ಆಧಾರ್ ನಕಲು, ಪಿಪಿಒ ಅಥವಾ ಡಿಸ್ಚಾರ್ಜ್ ಬುಕ್ಕಿನ ನಕಲು. ಮೂಲ ಪ್ರತಿ ಯಾವುದನ್ನೂ ಕಳಿಸಬೇಡಿ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಒಂದು ಕಾಗದದಲ್ಲಿ ಒಬ್ಬರ ವಿಷಯ ಮಾತ್ರ. ಅಜ್ಜ ಮತ್ತು ಅವರ ತಮ್ಮ ಇಬ್ಬರದ್ದನ್ನೂ ಸೇರಿಸಿ ಬರೆದರೆ ಒಬ್ಬರದ್ದಕ್ಕೆ ಮಾತ್ರ ಉತ್ತರ ಬಂದು ಇನ್ನೊಬ್ಬರದ್ದು ಹಾಗೇ ಬಿದ್ದಿರುತ್ತದೆ.

ಒಂದೆರಡು ತಿಂಗಳಲ್ಲಿ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ, ಸಿಗದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕೇಂದ್ರದ ಆರ್‌ಟಿಐ ಆನ್‌ಲೈನ್ ಪೋರ್ಟಲಿನಲ್ಲೇ ಹಾಕಬಹುದು. "ಇದು ವೈಯಕ್ತಿಕ ಮಾಹಿತಿ" ಎಂದು ಕಲಂ 8(1)(ಜೆ) ತೋರಿಸಿ ತಿರಸ್ಕರಿಸುವುದು ಮಾಮೂಲು. ಅದಕ್ಕೆ ಉತ್ತರ ಕಲಂ 8(3)ರಲ್ಲಿದೆ: 20 ವರ್ಷಕ್ಕಿಂತ ಹಿಂದೆ ನಡೆದ ಸಂಗತಿಯ ಮಾಹಿತಿಗೆ ದೇಶದ ಭದ್ರತೆಯಂಥ ಕೆಲವು ಕಾರಣ ಬಿಟ್ಟರೆ ಬೇರೆ ವಿನಾಯಿತಿ ಅನ್ವಯಿಸುವುದಿಲ್ಲ. ಮೇಲ್ಮನವಿವರೆಗೆ ಕಾಯದೆ ಮೊದಲ ಅರ್ಜಿಯಲ್ಲೇ ಇದನ್ನು ಬರೆದು, ನೀವು ವಾರಸುದಾರರೆಂಬ ದಾಖಲೆಯನ್ನೂ ಲಗತ್ತಿಸಿ. ಮಾಹಿತಿ ಹಕ್ಕು ಭಾರತದ ನಾಗರಿಕರಿಗೆ ಮಾತ್ರ. ಅಮೆರಿಕದ ಪೌರತ್ವ ಪಡೆದ ಮೊಮ್ಮಗ ಹಾಕಿದ ಅರ್ಜಿ ನಿಲ್ಲುವುದಿಲ್ಲ, ಊರಿನಲ್ಲಿರುವ ಅಣ್ಣನೋ ಅತ್ತೆಯೋ ಹಾಕಬೇಕು.

ಬಂದ ಉತ್ತರವನ್ನು ನಂಬುವುದೆಷ್ಟು

ಹುಟ್ಟಿದ ದಿನವನ್ನು ನಂಬಬೇಡಿ. ಭರ್ತಿಯ ಮೈದಾನದಲ್ಲಿ ಮುಖ ನೋಡಿ ವಯಸ್ಸು ಬರೆದದ್ದೇ ಹೆಚ್ಚು, ಚಿಕ್ಕ ಹುಡುಗರೂ 18 ಎನ್ನುತ್ತಿದ್ದರು. ಹೆಸರಿನ ಕಾಗುಣಿತವೂ ಹಾಗೇ: ಪುಟ್ಟಯ್ಯ ಎಂಬುದು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಕಾಣಬಹುದು, ಗೌಡ ಎಂಬುದು ಮೂರು ಬಗೆ. ನಂಬರು ಸರಿಯಿದ್ದು ತಂದೆಯ ಹೆಸರು ಹೊಂದಿದರೆ ಕಾಗುಣಿತಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಊರಿನ ವಿಷಯದಲ್ಲಿ ಹಳೆಯ ನಕ್ಷೆ ತಲೆಯಲ್ಲಿರಲಿ. ಕೊಳ್ಳೇಗಾಲದವರು 1956ಕ್ಕೆ ಮೊದಲು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯವರು. ಮಂಗಳೂರಿನವರೂ ಮದ್ರಾಸಿನವರೇ, ಬಳ್ಳಾರಿಯವರು 1953ರವರೆಗೆ. ಧಾರವಾಡ, ವಿಜಯಪುರದವರು ಮುಂಬೈ ಪ್ರಾಂತ್ಯದವರು. ರಾಯಚೂರು, ಕಲಬುರಗಿ, ಬೀದರ್ ನಿಜಾಮನವು. ರಾಮನಗರ ಅಂದಿನ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್, ಕೆ.ಆರ್. ನಗರ ಯಡತೊರೆ, ಕುಶಾಲನಗರ ಫ್ರೇಸರ್‌ಪೇಟೆ.

ಬಿಡುಗಡೆಯ ಕಾರಣ ಸಂಕೇತದಲ್ಲಿರುತ್ತದೆ. 1954ರ ಆರ್ಮಿ ರೂಲ್ಸ್‌ನ 13(3) ನಿಯಮದಡಿ ಐಟಂ ಮೂರರಲ್ಲಿ (1) ಎಂದರೆ ಒಪ್ಪಂದದ ಅವಧಿ ಮುಗಿಸಿದವರು, (3) ಎಂದರೆ ವೈದ್ಯಕೀಯವಾಗಿ ಅನರ್ಹರಾದವರು, (4) ಎಂದರೆ ಸ್ವಂತ ಕೋರಿಕೆ. ಇವನ್ನು ರೋಮನ್ ಅಂಕಿಗಳಲ್ಲಿ ಬರೆದಿರುತ್ತಾರೆ. 1946ರ ಕಾಗದದಲ್ಲಿ ಸೇವೆ ಇನ್ನು ಅಗತ್ಯವಿಲ್ಲ ಎಂಬ ಅರ್ಥದ ಮಾತಿದ್ದರೆ ಅವಮಾನವೆಂದುಕೊಳ್ಳಬೇಡಿ. ಯುದ್ಧ ಮುಗಿದಾಗ ಲಕ್ಷಾಂತರ ಜನರನ್ನು ಹಾಗೇ ಬಿಡುಗಡೆ ಮಾಡಿದರು.

"ಅವಧಿ ಮೀರಿದ್ದರಿಂದ ದಾಖಲೆ ನಾಶವಾಗಿದೆ" ಎಂಬ ಉತ್ತರ ಬಂದರೆ ಲಾಂಗ್ ರೋಲ್ ಒಂದನ್ನೇ ಹೆಸರಿಸಿ ಮತ್ತೆ ಬರೆಯಿರಿ. ಆ ಉತ್ತರ ಶೀಟ್ ರೋಲಿಗೆ ಸಂಬಂಧಿಸಿದ್ದು, ಲಾಂಗ್ ರೋಲಿಗಲ್ಲ.

ಪೆನ್ಷನ್ ಇಲ್ಲದವರಿಗೆ ಬಳಸುದಾರಿ

ಯುದ್ಧ ಮುಗಿಸಿ ಗ್ರಾಚ್ಯುಟಿ ಹಿಡಿದು ಬಂದವರ ಕಾಗದ ಸೇನೆಯಲ್ಲಿ ಇಲ್ಲದಿದ್ದರೂ ತಾಲ್ಲೂಕಿನಲ್ಲಿ ಇರಬಹುದು. ಎರಡನೇ ಯುದ್ಧದ ಪೆನ್ಷನ್ ಇಲ್ಲದ ಯೋಧರಿಗೆ, ಅವರ ವಿಧವೆಯರಿಗೆ ರಾಜ್ಯ ಸರ್ಕಾರ ಸೈನಿಕ ಕಲ್ಯಾಣ ಇಲಾಖೆಯ ಮೂಲಕ ಮಾಸಿಕ ನೆರವು ಕೊಡುತ್ತ ಬಂದಿದೆ. ಅದಕ್ಕೆ ಅರ್ಜಿ ಹಾಕುವಾಗ ಡಿಸ್ಚಾರ್ಜ್ ಸರ್ಟಿಫಿಕೇಟಿನ ನಕಲು ಕೊಡಲೇಬೇಕಿತ್ತು. ಮನೆಯಲ್ಲಿ ಮೂಲ ಗೆದ್ದಲು ತಿಂದಿದ್ದರೂ ಜಿಲ್ಲಾ ಕಚೇರಿಯ ಫೈಲಿನಲ್ಲಿ ನಕಲು ಸಿಗುವುದುಂಟು.

ಇನ್ನೊಂದು ಜಾಗ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಂ. "ಮಿಲಿಟ್ರಿಯವರ ಜಮೀನು" ಎಂದು ಊರಿನಲ್ಲಿ ಕರೆಯುವ ಹೊಲವಿದ್ದರೆ ಅದು ಮಾಜಿ ಸೈನಿಕರ ಕೋಟಾದಲ್ಲಿ ಮಂಜೂರಾದದ್ದಿರಬಹುದು. ಸರ್ವೆ ನಂಬರು ಹಿಡಿದು ದರಖಾಸ್ತು ಫೈಲಿನ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಸಾಗುವಳಿ ಚೀಟಿಯಲ್ಲಿ ಮಂಜೂರಾತಿ ಆದೇಶದ ಸಂಖ್ಯೆ ಇರುತ್ತದೆ, ಅದಿದ್ದರೆ ಹುಡುಕಾಟ ಸಲೀಸು. ಫೈಲಿನೊಳಗೆ ಸೈನಿಕ ಬೋರ್ಡಿನ ಶಿಫಾರಸು ಪತ್ರ, ಸೇವಾ ವಿವರ ಲಗತ್ತಾಗಿರುತ್ತವೆ.

ಮೈಸೂರು ಸಂಸ್ಥಾನದ ಪಡೆಯಲ್ಲಿದ್ದವರ ದಾರಿ ಬೇರೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಸಂಬಳದ ಪಡೆ. ಆ ಪಡೆ ಭಾರತೀಯ ಸೇನೆಯಲ್ಲಿ ವಿಲೀನವಾಗುವ ಮೊದಲೇ ನಿವೃತ್ತರಾದವರ ಕಾಗದವನ್ನು ಸೇನೆಯ ರೆಕಾರ್ಡ್ ಆಫೀಸಿನಲ್ಲಿ ಹುಡುಕಿ ಫಲವಿಲ್ಲ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಮಿಲಿಟರಿ ಕಡತಗಳನ್ನು ವರ್ಷದ ಪ್ರಕಾರ ಕೇಳಿ. ಮೈಸೂರಿನಲ್ಲೂ ಅದರ ವಿಭಾಗೀಯ ಕಚೇರಿಯಿದೆ. ವಿಲೀನದ ನಂತರವೂ ಮುಂದುವರಿದ ಮೈಸೂರು ಇನ್‌ಫೆಂಟ್ರಿಯವರು 18 ಮದ್ರಾಸ್ ಆದರು, ಅವರದ್ದು ವೆಲ್ಲಿಂಗ್ಟನ್‌ನಲ್ಲೇ.

ಯುದ್ಧದಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ ಮೊದಲ ನಿಲ್ದಾಣ, ಅದು ಉಚಿತ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದಾಗ ಸತ್ತವರು ಅದರಲ್ಲಿದ್ದಾರೆ, ಕಾಯಿಲೆಯಿಂದ ಸತ್ತವರೂ ಸೇರಿ. ಹೆಸರು ಹಾಕಿ ಸಿಗದಿದ್ದರೆ ಹೆಚ್ಚುವರಿ ಮಾಹಿತಿಯ ಕಾಲಂನಲ್ಲಿ ಊರು, ತಾಲ್ಲೂಕು ಅಥವಾ ಬರೀ ಮೈಸೂರ್ ಎಂದು ಇಂಗ್ಲಿಷಿನಲ್ಲಿ ಹಾಕಿ; ಎಷ್ಟೋ ಭಾರತೀಯ ಸಿಪಾಯಿಗಳ ದಾಖಲೆಯಲ್ಲಿ "ಇಂಥವರ ಮಗ, ಇಂಥ ಊರು" ಎಂಬ ಸಾಲಿದೆ. ಬರ್ಮಾದಲ್ಲಿ ಸತ್ತು ಸಮಾಧಿ ಸಿಗದವರ ಹೆಸರು ತೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿ, ಮಲಯದವರದು ಸಿಂಗಪುರದ ಕ್ರಾಂಜಿಯಲ್ಲಿ. ಅಲ್ಲಿ ಸಿಕ್ಕ ನಂಬರು ಮತ್ತು ದಳದ ಹೆಸರನ್ನು ಬರೆದುಕೊಂಡು ರೆಕಾರ್ಡ್ ಆಫೀಸಿನ ಕಾಗದಕ್ಕೆ ವಾಪಸ್ ಬನ್ನಿ. ಹೆಂಡತಿಗೆ ಕುಟುಂಬ ಪಿಂಚಣಿ ಮಂಜೂರಾಗಿದ್ದರೆ ಎಫ್ ಅಕ್ಷರದ ಪಿಪಿಒ ಎಂದೋ ಹೊರಟಿರುತ್ತದೆ.